ಮಾತಾಡಿಸಲು ಬಂದವರು

ಕೆಲಸ ಬಿಟ್ಟ ಮೇಲೆ ಬಹಳ ದಿನ ನನ್ನನ್ನು ಕಾಡಿದ್ದು ಸಂಜೆ ನಾಲ್ಕರ ಟೀ. ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ಫಿಜಿಯೋಥೆರಪಿ ವಿಭಾಗವಿತ್ತು. ನಾಲ್ಕಕ್ಕೆ ಕ್ಯಾಂಟೀನಿನಿಂದ ಫ್ಲಾಸ್ಕು ಇಳಿದು ಬರುತ್ತಿತ್ತು. ಅದರೊಳಗಿದ್ದುದನ್ನು ಟೀ ಅನ್ನಲು ಧೈರ್ಯ ಬೇಕು. ಆದರೂ ಎಲ್ಲರೂ ಮಷೀನುಗಳ ಪಕ್ಕದ ಬೆಂಚಿನ ಮೇಲೆ ಕೂತು, ಬೈದುಕೊಂಡು, ಮತ್ತೊಮ್ಮೆ ಬಗ್ಗಿಸಿಕೊಂಡು ಕುಡಿಯುತ್ತಿದ್ದೆವು. ಈಗ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತು ಟೀ ಕುಡಿಯುತ್ತೇನೆ. ಟೀ ಚೆನ್ನಾಗಿಯೇ ಇರುತ್ತದೆ. ಚೆನ್ನಾಗಿದೆ ಎಂದು ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ನಮ್ಮ ಕಡೆ ಜನ ನಮ್ಮನ್ನು ಫಿಜಿಯೋ ಅನ್ನುವುದಿಲ್ಲ, ‘ಕರೆಂಟ್ ಕೊಡೋರು’ ಅನ್ನುತ್ತಾರೆ. ನೋವಿದ್ದ ಜಾಗಕ್ಕೆ ಪ್ಯಾಡು ಅಂಟಿಸಿ ಮಷೀನು ಹಚ್ಚುವುದೊಂದೇ ಅವರ ಕಣ್ಣಿಗೆ ಕಾಣುವುದು. ಕೈಕಾಲು ಆಡಿಸುವುದು, ಬಗ್ಗಿಸುವುದು, ನಿಲ್ಲಿಸುವುದು ಅವರ ಲೆಕ್ಕದಲ್ಲಿ ಕೆಲಸವೇ ಅಲ್ಲ. ಅಷ್ಟನ್ನು ಮನೆಯವರೇ ಮಾಡಬಹುದಲ್ಲ ಎಂದು ಎಷ್ಟೋ ಜನ ನನ್ನ ಮುಖದೆದುರೇ ಹೇಳಿದ್ದಾರೆ. ಮಾಡಬಹುದು, ಆದರೆ ಯಾರೂ ಮಾಡುವುದಿಲ್ಲ.

ಆ ಕೆಲಸವನ್ನು ನಾನು ಜಗಳವಾಡಿ ಬಿಟ್ಟದ್ದಲ್ಲ. ಲಕ್ವ ಹೊಡೆದವರು ಸ್ಟ್ರೆಚರಿನಲ್ಲಿ ಬರುತ್ತಿದ್ದರು. ಅವರನ್ನು ಕೂರಿಸಿ, ತೋಳು ಹಿಡಿದು ನಿಲ್ಲಿಸುವ ಹೊತ್ತಿಗೆ ಡಿಸ್ಚಾರ್ಜ್ ಆಗಿಬಿಡುತ್ತಿತ್ತು. ಊರಿಗೆ ಹೋದವರು ಆಮೇಲೆ ನಡೆದರೋ, ಮೂಲೆ ಹಿಡಿದರೋ ನನಗೆ ತಿಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೆ ಮಾಡಿ, ಅರ್ಧಕ್ಕೇ ಎದ್ದು ಬಂದ ಸಿನಿಮಾಗಳನ್ನೆಲ್ಲ ತಲೆಯಲ್ಲಿ ತುಂಬಿಕೊಂಡಂತೆ ಆಗಿತ್ತು. ಮನೆಮನೆಗೆ ಹೋಗಿ ಮಾಡಿದರೆ ಒಬ್ಬರನ್ನಾದರೂ ಕೊನೆಯವರೆಗೆ ನೋಡಬಹುದು ಅನ್ನಿಸಿತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನ್ನ ಗಂಡ ಎಲ್ಲ ಕೇಳಿಸಿಕೊಂಡು, ಮಾಡು, ಆದರೆ ಸುಸ್ತಾಯ್ತು ಅಂತ ಮನೆಗೆ ಬಂದು ನನ್ನ ಮೇಲೆ ಸಿಡುಕಬೇಡ ಅಂದರು. ಆ ಒಂದು ಮಾತನ್ನು ನನ್ನಿಂದ ನಡೆಸಿಕೊಡಲು ಆಗಿಲ್ಲ.

ಸ್ವಂತ ಕೆಲಸವೆಂದರೆ ಮೇಲೊಬ್ಬರು ಇರುವುದಿಲ್ಲ ಎಂದುಕೊಂಡಿದ್ದೆ. ಹೋದ ಮನೆಯವರೆಲ್ಲ ಮೇಲಿನವರೇ ಎಂದು ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಹಿರಿಯೂರಿನಲ್ಲಿ ಮಂಡಿ ಆಪರೇಷನ್ ಆದ ನಿವೃತ್ತ ಕಂಡಕ್ಟರ್ ಒಬ್ಬರಿದ್ದರು. ನಾನು ಹೇಳಿದ ಹೊತ್ತಿಗೆ ಅವರ ಶಿವಪೂಜೆ ಮುಗಿದಿರುತ್ತಿರಲಿಲ್ಲ. ಹಣೆಗೆ ವಿಭೂತಿ ಹಚ್ಚಿ ಅವರು ಹೊರಗೆ ಬರುವವರೆಗೆ ನಾನು ಜಗಲಿಯಲ್ಲಿ ಕೂತು ಹೆದ್ದಾರಿಯ ಲಾರಿಗಳನ್ನು ನೋಡಬೇಕು. ಹೊಳಲ್ಕೆರೆಯಲ್ಲಿ ಹೆಗಲು ಹಿಡಿದುಕೊಂಡ ಬಟ್ಟೆ ವ್ಯಾಪಾರಿಯೊಬ್ಬರು ಅಂಗಡಿಯಲ್ಲಿ ಗಿರಾಕಿ ಇದ್ದರೆ ಒಳಗೆ ಬರುತ್ತಲೇ ಇರಲಿಲ್ಲ. ಎಲ್ಲ ಮನೆಗಳಲ್ಲೂ ಊಟ ಮಾಡಲೇಬೇಕು. ಊಟದ ಹೊತ್ತಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಆ ಮನೆಗೇನು ಮರ್ಯಾದೆ. ಒಂದು ಮನೆಯಲ್ಲಿ ಮುದ್ದೆ, ಇನ್ನೊಂದರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮತ್ತೊಂದರಲ್ಲಿ ಬೇಡ ಬೇಡವೆಂದರೂ ಒಗ್ಗರಣೆ ಮಂಡಕ್ಕಿ. ಆ ಹೊಟ್ಟೆ ಹೊತ್ತುಕೊಂಡು ಬಸ್ಸು ಹತ್ತಿದರೆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಎರಡು ಸಲ ಇಳಿಯುವ ಊರು ದಾಟಿ ಹೋಗಿದ್ದೇನೆ.

ದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ, ಅಲ್ಲಿಂದ ಆಟೋದಲ್ಲಿ ಹಳ್ಳಿ. ಮರುದಿನ ಹಿರಿಯೂರಿನ ದಿಕ್ಕು. ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡ ದಿನ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರೆ ಬಚ್ಚಲು ಕೆಂಪಾಗುತ್ತಿತ್ತು. ಇದೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲು ಆಗದ್ದು ಫೋನಿನ ಮೌನ. ನನ್ನಂಥವರಿಗೆ ಬೋರ್ಡಿಲ್ಲ, ಜಾಹೀರಾತಿಲ್ಲ. ಒಂದು ಮನೆಯಲ್ಲಿ ಎದ್ದು ನಡೆದವರನ್ನು ಕಣ್ಣಾರೆ ನೋಡಿ ಇನ್ನೊಂದು ಮನೆಯವರು ಕರೆಯಬೇಕು. ಅದೊಂದೇ ದಾರಿ.

ಆ ಲೆಕ್ಕದಲ್ಲಿ ನನ್ನ ಎಲ್ಲ ಆಸೆಯೂ ಹೊಸದುರ್ಗದ ಆಚೆಯ ಬಾಗೂರಿನ ಒಬ್ಬ ರೋಗಿಯ ಮೇಲಿತ್ತು, ಅವರನ್ನು ನಾನು ಅಮ್ಮ ಅನ್ನುತ್ತಿದ್ದೆ. ಅರವತ್ತು ದಾಟಿದ ಹೆಂಗಸು, ತುಂಬಿದ ಮನೆ, ಊರಿನಲ್ಲಿ ಎಲ್ಲರಿಗೂ ಬೇಕಾದವರು. ಬಲಭಾಗಕ್ಕೆ ಲಕ್ವ ಹೊಡೆದು, ನಮ್ಮದೇ ಆಸ್ಪತ್ರೆಯಿಂದ ಮನೆಗೆ ಹೋಗಿ ಮಲಗಿದ್ದರು. ನಾನು ಕೆಲಸ ಬಿಟ್ಟದ್ದು ಕೇಳಿ ಮಗ ಕರೆಸಿದ್ದ. ಮಂಗಳವಾರ, ಗುರುವಾರ, ಶನಿವಾರ ಹೋಗುತ್ತಿದ್ದೆ. ಮೊದಮೊದಲು ಕಾಲು ಮರದ ತುಂಡಿನ ಹಾಗೆ ಬಿದ್ದಿರುತ್ತಿತ್ತು. ತಿಂಗಳುಗಳು ಹಿಡಿದವು. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಕೋಲು ಹಿಡಿದು ನಡುಮನೆ ದಾಟಿ, ಹಿತ್ತಲಿಗೆ ಹೋಗಿ, ಹಿಂದಿರುಗಿ ಬರುವಷ್ಟಾದರು. ಕೈ ಮಾತ್ರ ಬಂದಿರಲಿಲ್ಲ. ಬಲಗೈಗೆ ಒಂದು ಚೆಂಡು ಕೊಟ್ಟು ಹಿಸುಕಿ ಅಂದರೆ, ನಾನು ಆಚೆ ನೋಡಿದ ಕೂಡಲೇ ಅದನ್ನು ಎಡಗೈಗೆ ದಾಟಿಸಿಕೊಂಡು ಹಿಸುಕುತ್ತಿದ್ದರು. ಕೇಳಿದರೆ, ಯಾವ ಕೈ ಆದ್ರೇನವ್ವ, ಹಿಸುಕೋದು ಒಂದೇ ಅಲ್ವಾ ಎಂದು ನನ್ನನ್ನೇ ಸುಮ್ಮನಾಗಿಸುತ್ತಿದ್ದರು.

ಕೈ ಇರಲಿ, ನಡೆದರಲ್ಲ. ಇನ್ನು ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ ಎಂದು ನಾನು ಕಾದೆ. ಹಾಗಾಗಲಿಲ್ಲ, ಇದ್ದ ಮನೆಗಳೂ ಒಂದೊಂದೇ ಕಡಿಮೆಯಾದವು. ಕಂಡಕ್ಟರರ ಮಂಡಿ ಬಗ್ಗಿತು, ಅವರು ಕೈ ಮುಗಿದು ಕಳಿಸಿಕೊಟ್ಟರು. ಬಟ್ಟೆ ವ್ಯಾಪಾರಿಯ ಹೆಗಲೂ ಸಡಿಲವಾಯಿತು. ಅವರ ಮನೆಗೆ ಕೊನೆಯ ಸಲ ಹೋದಾಗ ಅವರ ಹೆಂಡತಿ ಟೀ ಕೊಡುತ್ತ, ನಮ್ಮ ನೆಂಟರೊಬ್ಬರು ನಿಮ್ಮನ್ನ ಕರೆಸಬೇಕು ಅಂತಿದ್ರು ಮೇಡಂ, ಆದರೆ ಬಾಗೂರಿನೋರು ಇನ್ನೂ ಎದ್ದೇ ಇಲ್ವಂತಲ್ಲ ಅಂದರು. ಅವರು ಹಿತ್ತಲಿನವರೆಗೆ ನಡೆಯುತ್ತಾರೆ ಎಂದೆ. ತನ್ನ ಅಂಗಡಿಯ ಸೀರೆಯನ್ನು ತಾನೇ ಹೊಗಳುವವರನ್ನು ನೋಡುವಂತೆ ಆಕೆ ನನ್ನನ್ನು ನೋಡಿ, ಇರಬಹುದು ಬಿಡ್ರಿ, ಆ ನೆಂಟರೇ ಹೋಗಿ ಮಾತಾಡ್ಸಿಕೊಂಡು ಬಂದಿದ್ದು, ಮಲಗೇ ಇದ್ರಂತೆ ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಬಸ್ಸಿನಲ್ಲಿ ಕೂತು ಇಡೀ ದಾರಿ ಅದನ್ನೇ ಕೆದಕುತ್ತ ಬಂದೆ.

ಅದೇ ವಾರ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವವರು ಫೋನು ಮಾಡಿದರು. ನನ್ನ ಜಾಗಕ್ಕೆ ಬಂದಿದ್ದ ಹುಡುಗಿ ಮದುವೆಯಾಗಿ ದಾವಣಗೆರೆಗೆ ಹೊರಟಿದ್ದಾಳೆ, ನೀವು ಬರುವುದಾದರೆ ಬೇರೆ ಯಾರನ್ನೂ ನೋಡುವುದಿಲ್ಲ, ಸೋಮವಾರದೊಳಗೆ ಹೇಳಿಬಿಡಿ ಅಂದರು. ಫೋನು ಇಟ್ಟ ಮೇಲೆ ನನಗೆ ಆದದ್ದು ಸಂತೋಷವೇ. ನಾಚಿಕೆಯಿಲ್ಲದೆ ಹೇಳುತ್ತೇನೆ, ನೆಲಮಾಳಿಗೆಯ ಆ ಟ್ಯೂಬ್‌ಲೈಟು, ಆ ಕೆಟ್ಟ ಟೀ, ತಿಂಗಳ ಮೊದಲ ದಿನದ ಸಂಬಳ ಎಲ್ಲ ತವರಿನ ಹಾಗೆ ಕಂಡವು. ಗಂಡನಿಗೆ ಹೇಳಿದಾಗ, ನಿನಗೆ ಬಿಟ್ಟಿದ್ದು ಅಂದರು. ಆದರೆ ಆ ರಾತ್ರಿಯ ಸಾರಿಗೆ ಅವರೇ ಖುಷಿಯಿಂದ ಒಗ್ಗರಣೆ ಹಾಕಿದ್ದನ್ನು ನಾನು ನೋಡಿದೆ. ಹೋಗುವುದೆಂದು ಮನಸ್ಸಿನಲ್ಲೇ ಮುಕ್ಕಾಲು ಪಾಲು ನಿರ್ಧಾರವಾಗಿತ್ತು. ಬಾಗೂರಿನಲ್ಲಿ ಒಂದು ಮಾತು ಹೇಳಿ ಬರುವುದಷ್ಟೇ ಉಳಿದಿತ್ತು. ಅದಕ್ಕೆ ಭಾನುವಾರ ಹೋದೆ. ಭಾನುವಾರ ಅಲ್ಲಿಗೆ ನಾನು ಹೋದದ್ದು ಅದೇ ಮೊದಲು.

ಅಂಗಳದಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಏನಾದರೂ ಆಗಿಹೋಯಿತೇ ಎಂದು ಬೇಗ ಬೇಗ ಮೆಟ್ಟಿಲು ಹತ್ತಿದೆ. ಒಳಗೆ ಹೋದರೆ, ಅಮ್ಮ ಮಂಚದ ಮೇಲೆ ಕುತ್ತಿಗೆಯವರೆಗೆ ಕಂಬಳಿ ಹೊದ್ದು, ಅರ್ಧ ಕಣ್ಣು ಮುಚ್ಚಿ ಮಲಗಿದ್ದಾರೆ. ಸುತ್ತ ನೆಂಟರು ಕೂತಿದ್ದಾರೆ. ತಲೆದೆಸೆಯಲ್ಲಿ ಬ್ರೆಡ್ಡಿನ ಪೊಟ್ಟಣ, ಮೋಸಂಬಿ, ಎಳನೀರು. ಕಾಯಿಲೆಯವರನ್ನು ಮಾತಾಡಿಸಿಕೊಂಡು ಬರುವುದು ನಮ್ಮ ಕಡೆ ಮದುವೆಗೆ ಹೋಗುವಷ್ಟೇ ದೊಡ್ಡ ಕರ್ತವ್ಯ. ಹೋಗದಿದ್ದರೆ ವರ್ಷಾನುಗಟ್ಟಲೆ ಮಾತು ಕೇಳಬೇಕಾಗುತ್ತದೆ. ಸೊಸೆ ಗೋಡೆಗೆ ಒರಗಿ ನಿಂತು, ಅತ್ತೆ ಹಾಲು ಕಾಯಿಸುತ್ತಿದ್ದಾಗ ಪಾತ್ರೆ ಕೈಜಾರಿ ಬಿದ್ದಲ್ಲಿಂದ ಹಿಡಿದು ಇಡೀ ಕಥೆಯನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದಳು. ಕೇಳುವವರು ಬೇಕಾದ ಕಡೆ ಲೊಚಗುಟ್ಟುತ್ತಿದ್ದರು. ಅಮ್ಮನ ಕೋಲು ಮಂಚದ ಕೆಳಗೆ ಒಳಕ್ಕೆ ಸರಿಸಿ ಇಟ್ಟಿದ್ದು ನನ್ನ ಕಣ್ಣಿಗೆ ಬಿತ್ತು.

ನನ್ನನ್ನು ಕಂಡು ಸೊಸೆ ಕಥೆ ಮರೆತಳು. ಬಂದವರಲ್ಲಿ ಜವನಗೊಂಡನಹಳ್ಳಿಯ ಹೆಂಗಸೊಬ್ಬಳು, ಇವರು ಯಾರು ಎಂದು ಕೇಳಿದಳು. ನಮ್ಮ ತವರು ಕಡೇರು ಎಂದು ಸೊಸೆ ಹೇಳಿಬಿಟ್ಟಳು. ನಾನು ಅಮ್ಮನ ಕಡೆ ನೋಡಿದೆ. ಅವರ ಅರ್ಧ ಮುಚ್ಚಿದ ಕಣ್ಣು ಪೂರ್ತಿ ತೆರೆದು ನನ್ನನ್ನು ಬೇಡಿಕೊಳ್ಳುತ್ತಿತ್ತು. ಏನೆಂದು ಅರ್ಥವಾಗದಿದ್ದರೂ ಬೇಡಿಕೆ ಅರ್ಥವಾಯಿತು. ಸುಮ್ಮನೆ ಚಾಪೆಯ ತುದಿಯಲ್ಲಿ ಕೂತೆ.

ಜವನಗೊಂಡನಹಳ್ಳಿಯಾಕೆ ಕಣ್ಣು ಒರೆಸಿಕೊಂಡು ತನ್ನ ಅವ್ವನ ವಿಷಯ ತೆಗೆದಳು. ಯುಗಾದಿಯಾದ ಮೇಲೆ ಅವಳಿಗೂ ಲಕ್ವ ಹೊಡೆದಿದೆ. ಎದ್ದು ಕೂತರೆ ಸಾಕಾಗಿದೆ. ಮನೆಗೆ ಬಂದು ಮಾಡುವವರು ಯಾರೋ ಇದ್ದಾರಂತೆ, ಈ ಮನೆಗೂ ಬರುತ್ತಾರಂತೆ ಎಂದು ಊರವರಿಂದ ಕೇಳಿ, ಕರೆಸೋಣ ಅಂದುಕೊಂಡಿದ್ದರು. ಈಗ ಇವರನ್ನು ನೋಡಿದ ಮೇಲೆ ಆ ಆಸೆಯೂ ಹೋಯಿತು, ಇಷ್ಟು ದಿನ ಮಾಡಿಸಿಯೂ ಇವರಿಗೆ ಏನೂ ಆಗಲಿಲ್ಲವಲ್ಲ ಎಂದು ಅವಳು ನನ್ನ ಕಡೆಗೇ ತಿರುಗಿ ಹೇಳಿದಳು. ನಾನು ತಲೆ ಆಡಿಸಿದೆ.

ಅವರು ಹೊರಟಾಗ ಅಂಗಳದವರೆಗೆ ಹೋಗಿ, ನಿಮ್ಮ ಅವ್ವನನ್ನು ಹಾಗೇ ಮಲಗಿಸಿಬಿಡಬೇಡಿ, ಯಾರಾದರೂ ಸರಿ, ಸರ್ಕಾರಿ ಆಸ್ಪತ್ರೆಯಲ್ಲಾದರೂ ಸರಿ, ತೋರಿಸಿ, ಕೈಕಾಲು ಆಡಿಸಲು ಹೇಳಿಕೊಡುತ್ತಾರೆ ಎಂದೆ. ಅವಳು ಚಪ್ಪಲಿ ಹುಡುಕುತ್ತ, ‘ನೀನೂ ನೋಡಿದೆಯಲ್ಲವ್ವ ಒಳಗೆ. ಅದ್ರಲ್ಲೇನೂ ಇಲ್ಲ’ ಅಂದಳು. ನೆಂಟರ ಹುಡುಗಿಯ ಉಪದೇಶಕ್ಕೆ ಕೊಡುವಷ್ಟೇ ಬೆಲೆ ಕೊಟ್ಟು ಹೋದಳು.

ಒಳಗೆ ಬಂದರೆ ಅಮ್ಮ ಆಗಲೇ ಕಂಬಳಿ ಒದ್ದು, ಕಾಲು ಇಳಿಬಿಟ್ಟು ಮಂಚದ ಅಂಚಿನಲ್ಲಿ ಕೂತಿದ್ದಾರೆ, ಸೊಸೆ ಸುಲಿದ ಮೋಸಂಬಿಯ ತೊಳೆಗಳನ್ನು ಎಡಗೈಯಿಂದ ಬಾಯಿಗೆ ಹಾಕಿಕೊಳ್ಳುತ್ತಿದ್ದಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ವರ್ಷ ಆಸ್ಪತ್ರೆಯಲ್ಲಿ ಯಾವ ರೋಗಿಯ ಮೇಲೂ ದನಿ ಎತ್ತಿದವಳಲ್ಲ, ಅವತ್ತು ಎತ್ತಿದೆ. ನಾನು ಇಂಥವಳು ಅಂತ ಹೇಳೋಕೆ ನಿಮಗೆ ಅಷ್ಟು ನಾಚಿಕೆಯಾ ಎಂದು ಕೇಳಿದೆ.

‘ನಾಚಿಕೆ ಯಾಕವ್ವ,’ ಅಂದರು ಅಮ್ಮ, ‘ಭಯ.’

ಅವರ ವಾರಗಿತ್ತಿ ಒಬ್ಬಳಿದ್ದಳಂತೆ. ಬಹಳ ದಿನ ಹಾಸಿಗೆ ಹಿಡಿದಿದ್ದವಳು ಚೇತರಿಸಿಕೊಂಡು, ಒಂದು ಮದುವೆ ಮನೆಗೆ ನಡೆದೇ ಹೋದಳಂತೆ. ಬಂದವರೆಲ್ಲ ಸುತ್ತ ನಿಂತು, ಎಷ್ಟು ಚೆನ್ನಾಗಿ ಎದ್ದಳಲ್ಲ ಎಂದು ಬೆರಗಾದರಂತೆ. ಅದೇ ವಾರ ಅವಳು ತೀರಿಕೊಂಡಳಂತೆ. ಮಲಗಿದವರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ, ಎದ್ದವರ ಮೇಲೆ ಬೀಳುತ್ತದೆ. ಅದಕ್ಕೆ ಅಂಗಳದಲ್ಲಿ ಯಾರದಾದರೂ ದನಿ ಕೇಳಿದರೆ ಸಾಕು, ಸೊಸೆ ಕಂಬಳಿ ತರುತ್ತಾಳೆ, ಅತ್ತೆ ಮಲಗುತ್ತಾರೆ. ಪೂರ್ತಿ ವಾಸಿಯಾಗುವವರೆಗೆ ಹೀಗೇ ಎಂದು ಅತ್ತೆ ಸೊಸೆ ಮಾತಾಡಿಕೊಂಡಿದ್ದರು. ಮಗನಿಗೂ ಇದು ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಹಾಗಾದರೆ ನನ್ನ ಹೆಸರನ್ನಾದರೂ ಹೇಳಬಹುದಿತ್ತಲ್ಲ ಎಂದೆ.

‘ಹೇಳಿದ್ರೆ ನಿನ್ನ ಕೈ ಮೇಲೆ ಬೀಳ್ತೈತೆ ಕಣವ್ವ ಅವರ ಕಣ್ಣು. ನನ್ನ ಎಬ್ಬಿಸಿರೋ ಕೈ ಅದು.’

ಮೋಸ ಮಾಡಿದವರ ಮೇಲೆ ಸಿಟ್ಟಾಗಬಹುದು, ಬೇಡವೆಂದವರ ಮೇಲೆ ಸಿಟ್ಟಾಗಬಹುದು. ನನ್ನ ಹೊಟ್ಟೆಯ ಮೇಲೆ ಹೊಡೆದದ್ದು ಇವರ ಪ್ರೀತಿ. ನನ್ನ ಸಿಟ್ಟು ಇಳಿಯಿತು. ಅದು ಇಳಿದ ಜಾಗದಲ್ಲಿ ತಿಂಗಳುಗಳ ಆಯಾಸ ಒಟ್ಟಿಗೇ ಬಂದು ಕೂತಿತು. ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟೆ. ಆಸ್ಪತ್ರೆಯವರು ಕರೆದಿದ್ದಾರೆ, ನಾಳೆಯೊಳಗೆ ಹೇಳಬೇಕು, ಇನ್ನು ನಾನು ಬರಲು ಆಗುವುದಿಲ್ಲ ಎಂದು ಹೇಳಿದೆ. ಸೊಸೆ ಅತ್ತೆಯ ಮುಖ ನೋಡಿದಳು. ಅಮ್ಮ ನನ್ನ ಮುಖ ನೋಡಿದರು.

‘ಮುಖ ಹೆಂಗೆ ಬಾಡೈತೆ ನೋಡು. ಇದು ದಣಿವಲ್ಲ, ದಿಷ್ಟಿ. ಊರೂರು ತಿರುಗ್ತೀಯ, ಎಷ್ಟು ಕಣ್ಣು ಬಿದ್ದಾವೋ ಏನೋ,’ ಅಂದು, ಉಪ್ಪು ಮೆಣಸಿನಕಾಯಿ ತರಲು ಸೊಸೆಗೆ ಹೇಳಿದರು.

ಬೇಡವೆನ್ನುವ ಶಕ್ತಿಯೂ ನನ್ನಲ್ಲಿರಲಿಲ್ಲ. ಹಿತ್ತಲಿನ ನೀರೊಲೆಯಲ್ಲಿ ಬೆಳಗಿನ ಕೆಂಡ ಇನ್ನೂ ಇತ್ತು. ಅದರ ಪಕ್ಕದಲ್ಲಿ ಪೂರ್ವಕ್ಕೆ ಮುಖ ಮಾಡಿಸಿ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಸೊಸೆ ತಾನೇ ತೆಗೆಯುವವಳಂತೆ ಸೆರಗು ಸಿಕ್ಕಿಸಿಕೊಂಡಳು. ಅಷ್ಟರಲ್ಲಿ ಅಮ್ಮ ಕೋಲೂರಿಕೊಂಡು ಬಂದು, ‘ಕೊಡು ಇಲ್ಲಿ, ನಾನು ತೆಗೀತೀನಿ’ ಅಂದರು. ಕೋಲು ಅವರ ಎಡಗೈಯಲ್ಲಿತ್ತು. ಅದನ್ನು ಬಿಟ್ಟು ನಿಲ್ಲಲು ಅವರಿಗೆ ಇನ್ನೂ ಆಗುತ್ತಿರಲಿಲ್ಲ. ಅದು ಹೋಗಲಿ, ದೃಷ್ಟಿಯನ್ನು ಎಡಗೈಯಲ್ಲಿ ಯಾರೂ ತೆಗೆಯುವುದಿಲ್ಲ, ತೆಗೆದರೆ ಒಳ್ಳೆಯದಲ್ಲ. ಅವರು ಬಲಗೈಯನ್ನು ಸೊಸೆಯ ಮುಂದೆ ಚಾಚಿದರು.

ಸೊಸೆ ಆ ಅಂಗೈಯಲ್ಲಿ ಉಪ್ಪು, ಮೆಣಸಿನಕಾಯಿ ಇಟ್ಟಳು. ಬೆರಳುಗಳು ಮೆಲ್ಲಗೆ, ಒಂದಾದ ಮೇಲೊಂದು ಮುಚ್ಚಿಕೊಂಡವು. ನಾನು ಬಾಯಿ ತೆರೆದೆ. ದೃಷ್ಟಿ ತೆಗೆಯುವಾಗ ಮಾತಾಡಬಾರದು ಎಂದು ಸೊಸೆ ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದಳು. ಆ ಮುಷ್ಟಿ ಸೊಂಟದ ಮಟ್ಟದಿಂದ ಮೇಲೆದ್ದಿತು. ತೋಳು ನಡುಗಿತು. ಎದೆಯವರೆಗೆ ಬಂದಿತು, ಹೆಗಲಿನವರೆಗೆ ಬಂದಿತು. ಆ ತೋಳು ಅಷ್ಟು ಮೇಲೆದ್ದದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ನನ್ನ ತಲೆಯ ಮೇಲೆ ಅದು ಬಲಕ್ಕೆ ಒಂದು ಸುತ್ತು ಬಂದಿತು, ಎಡಕ್ಕೆ ಒಂದು ಸುತ್ತು. ಊರ ಕಣ್ಣು, ನೆಂಟರ ಕಣ್ಣು, ಹಾದಿಯವರ ಕಣ್ಣು ಎಂದು ಅವರು ಮೇಲುಸಿರಿನಲ್ಲಿ ಹೇಳುತ್ತಿದ್ದರು. ಒಂದು ಹರಳು ಉಪ್ಪೂ ನನ್ನ ತಲೆಯ ಮೇಲೆ ಬೀಳಲಿಲ್ಲ. ಆಮೇಲೆ ಒಲೆಯ ಕಡೆ ಬಾಗಿ ಕೈ ಚಾಚಿದರು. ಲಕ್ವ ಹೊಡೆದ ಕೈ ಮುಚ್ಚುವುದಕ್ಕಿಂತ ಬಿಚ್ಚುವುದು ಕಷ್ಟ. ವರ್ಷಗಟ್ಟಲೆ ಬಿಚ್ಚದ ಕೈಗಳನ್ನು ನಾನು ನೋಡಿದ್ದೇನೆ. ಬಹಳ ಹೊತ್ತು ಮುಷ್ಟಿ ಹಾಗೇ ಇತ್ತು. ಅಮ್ಮ ಕೆಂಡವನ್ನೇ ನೋಡುತ್ತ ಕಣ್ಣುಗಳ ಹೆಸರು ಹೇಳುತ್ತಲೇ ಇದ್ದರು. ನಾನು ಆ ಮುಷ್ಟಿಯನ್ನೇ ನೋಡಿದೆ, ಸೊಸೆಯೂ ನೋಡಿದಳು. ಬೆರಳುಗಳು ಬಿಚ್ಚಿಕೊಂಡವು. ಉಪ್ಪು ಕೆಂಡದ ಮೇಲೆ ಬಿದ್ದು ಚಟಚಟ ಸಿಡಿಯಿತು.

ನಾನು ಮಣೆಯ ಮೇಲೆ ಕೂತೇ ಅತ್ತೆ. ದೃಷ್ಟಿ ಬಲವಾಗಿಯೇ ಬಿದ್ದಿತ್ತು, ಈಗ ಹೋಯಿತು ಎಂದು ಅಮ್ಮ ಸೊಸೆಗೆ ಹೇಳುತ್ತಿದ್ದರು. ತಮ್ಮ ಕೈ ಏನು ಮಾಡಿತೆಂದು ಅವರಿಗೆ ಗಮನವೇ ಇರಲಿಲ್ಲ. ನಾನೂ ಹೇಳಲಿಲ್ಲ. ಹೇಳಿದ್ದರೆ ಹೆದರಿಕೊಳ್ಳುತ್ತಿದ್ದರು.

ವಾಪಸ್ಸು ಬರುವಾಗ ಬಸ್ಸು ಹೊಳಲ್ಕೆರೆ ದಾಟುತ್ತಿದ್ದಂತೆ ಆಡಳಿತದವರಿಗೆ ನಾನೇ ಫೋನು ಮಾಡಿ, ಬರುವುದಿಲ್ಲ ಎಂದೆ. ಅವರಿಗೆ ಆಶ್ಚರ್ಯವಾಯಿತು.

‘ಯಾಕ್ರಿ ಮೇಡಂ, ಕೇಸುಗಳು ಬಹಳ ಬರ್ತಾ ಅವೇನು?’

‘ಇಲ್ಲ ಸರ್,’ ಅಂದೆ. ‘ಸದ್ಯಕ್ಕೆ ಒಂದೇ ಐತೆ.’

ಅವರು ತಮಾಷೆ ಎಂದುಕೊಂಡು ನಕ್ಕರು, ಒಳ್ಳೆಯದಾಗಲಿ ಅಂದರು. ಮನೆಗೆ ಹೋಗಿ ಗಂಡನಿಗೆ ಇದನ್ನೆಲ್ಲ ಹೇಗೆ ಹೇಳುವುದೆಂದು ಯೋಚಿಸಬೇಕಿತ್ತು. ಅಷ್ಟು ಮಾತಾಡುವ ತ್ರಾಣ ಉಳಿದಿರಲಿಲ್ಲ. ಕಿಟಕಿಗೆ ತಲೆ ಆನಿಸಿ, ದುರ್ಗ ಬಂದಾಗ ಎಬ್ಬಿಸಿ ಎಂದು ಪಕ್ಕದ ಹೆಂಗಸಿಗೆ ಹೇಳಿ ಕಣ್ಣು ಮುಚ್ಚಿದೆ.